ತಕ್ಕಡಿಯ ಮುಳ್ಳಿಗೆ ತಿಳಿಯದ ಆರೋಗ್ಯ

ತವರಿಗೆ ಬಂದ ಮಗಳನ್ನು ಕಂಡೊಡನೆ ‘ಯಾಕವಾ, ಇಷ್ಟ ಸೊರಗೀದಿ? ಉಣ್ಣಾಕ ಬರೋಬ್ಬರಿ ಇಲ್ಲೇನು?’ ಎಂದು ಕೇಳುವುದು ಧಾರವಾಡ ಸೀಮೆಯ ತಾಯಂದಿರ ಹಳೆಯ ವಾಡಿಕೆ. ಮೈಕೈ ತುಂಬಿಕೊಂಡಿರುವುದೇ ಆಗ ಸುಖದ ಗುರುತು. ಈಗ ಕಾಲ ತಿರುಗಿದೆ. ಮದುವೆಮನೆಯಲ್ಲಿ ಎದುರಾದವರ ಮೊದಲ ಮಾತೇ ‘ಏನವಾ, ಎಷ್ಟ ದಪ್ಪ ಆಗೀದಿ!’ ಎರಡೂ ಮಾತು ಕಕ್ಕುಲಾತಿಯಿಂದಲೇ ಬಂದಿರಬಹುದು. ಆದರೆ ಎರಡೂ ಮೈಯನ್ನು ಕಣ್ಣಳತೆಯಲ್ಲಿ ತೂಗಿ ಆರೋಗ್ಯದ ತೀರ್ಪು ಕೊಟ್ಟುಬಿಡುತ್ತವೆ. ಆ ತೀರ್ಪು ಎಷ್ಟು ಸರಿ?

ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಬೆಳೆಯುವ ವಯಸ್ಸಿನ ಹೆಣ್ಣುಮಕ್ಕಳ ಮೇಲೆ. ಬೆಳಗಿನ ನಾಷ್ಟಾ ಬಿಡುವುದು, ಮಧ್ಯಾಹ್ನದ ಡಬ್ಬಿಯನ್ನು ಹಾಗೆಯೇ ಮರಳಿ ತರುವುದು, ರಾತ್ರಿ ಒಂದು ಹಣ್ಣು ತಿಂದು ಮಲಗುವುದು. ಇದಕ್ಕೆ ‘ಡಯಟ್’ ಎಂಬ ಹೆಸರು! ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿದೆ. ಮೊದಲೇ ರಕ್ತ ಕಡಿಮೆಯಿರುವ ದೇಹಕ್ಕೆ ಅರೆಹೊಟ್ಟೆಯೂ ಸೇರಿದರೆ ದಣಿವು, ತಲೆಸುತ್ತು, ಮುಟ್ಟಿನ ಏರುಪೇರು ಬೆನ್ನು ಹತ್ತುತ್ತವೆ. ಓದಿನಲ್ಲೂ ಮನಸ್ಸು ನಿಲ್ಲುವುದಿಲ್ಲ.

ಅರೆಹೊಟ್ಟೆಯ ಪ್ರಯೋಗ

ಅರೆಹೊಟ್ಟೆ ಮನುಷ್ಯನನ್ನು ಏನು ಮಾಡುತ್ತದೆಂಬುದನ್ನು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 1944-45ರಲ್ಲಿ ಪರೀಕ್ಷಿಸಿ ನೋಡಿದರು. ತಾವಾಗಿ ಮುಂದೆ ಬಂದ 36 ಆರೋಗ್ಯವಂತ ಯುವಕರಿಗೆ 24 ವಾರ ದಿನಕ್ಕೆ ಸುಮಾರು 1,570 ಕ್ಯಾಲೊರಿಯ ಆಹಾರ ಮಾತ್ರ. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಜೊತೆಗೆ ಬಲ ಕುಗ್ಗಿತು, ನಾಡಿಬಡಿತ ನಿಧಾನವಾಯಿತು, ಮೈಯಲ್ಲಿ ಚಳಿ ಹೊಕ್ಕಿತು. ಸಿಡುಕು, ಖಿನ್ನತೆ ಹೆಚ್ಚಿದವು. ಹಗಲಿರುಳೂ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಕೂಡಿಡುವ ಗೀಳು ಬೇರೆ!

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ದೇಹಕ್ಕೆ ಡಯಟ್ ಯಾವುದು, ಬರಗಾಲ ಯಾವುದು ಎಂಬ ಭೇದ ತಿಳಿಯದು. ಅನ್ನ ಕಡಿಮೆಯಾದರೆ ಅದು ಖರ್ಚು ಕಡಿಮೆ ಮಾಡುತ್ತದೆ, ಹಸಿವಿನ ಹಾರ್ಮೋನು ಹೆಚ್ಚಿಸುತ್ತದೆ, ಸ್ನಾಯುವನ್ನೂ ಕರಗಿಸುತ್ತದೆ. ಕಟ್ಟುಪಾಡು ಸಡಿಲವಾದೊಡನೆ ಇಳಿದ ತೂಕ ಮರಳುವುದು ಇದಕ್ಕೇ. ಇದನ್ನು ಮನೋಬಲದ ಕೊರತೆಯೆಂದು ಹಳಿಯುವುದು ಅನ್ಯಾಯ.

ಇಬ್ಬರು ವೈದ್ಯರು, ಒಂದೇ ಅಂಕಿ

ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯೇ ಬಿ.ಎಂ.ಐ. ಈ ಸೂತ್ರದ ಮೂಲ 19ನೇ ಶತಮಾನದ ಬೆಲ್ಜಿಯಮ್ಮಿನ ಅಡಾಲ್ಫ್ ಕೆಟ್ಲೆ. ಅವರು ವೈದ್ಯರಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞರು. ದೊಡ್ಡ ಜನಸಮೂಹದ ಸರಾಸರಿ ತಿಳಿಯಲು ಇದು ಉಪಯುಕ್ತ. ಒಬ್ಬೊಬ್ಬರ ವಿಷಯಕ್ಕೆ ಬಂದರೆ ತಪ್ಪುವುದುಂಟು. ಗರಡಿಯಲ್ಲಿ ಸಾಮು ಮಾಡಿ ಗಟ್ಟಿಯಾದ ಪೈಲ್ವಾನನನ್ನೂ ಇದು ‘ಸ್ಥೂಲಕಾಯ’ ಎಂದೀತು!

ಇದರ ಇನ್ನೊಂದು ಮುಖವನ್ನು ಪುಣೆಯ ಡಾ. ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿದರು. ಇಬ್ಬರ ಬಿ.ಎಂ.ಐ.ಯೂ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2! ಅಂದರೆ ಸಣಕಲಾಗಿ ಕಾಣುವ ಭಾರತೀಯನಿಗೂ ಸಕ್ಕರೆ ಕಾಯಿಲೆ ಬರಬಹುದು. ‘ನಾನು ಸಣ್ಣಗಿದ್ದೇನೆ, ಚಿಂತೆಯಿಲ್ಲ’ ಎಂಬುದೂ ಭ್ರಮೆಯೇ. ರಕ್ತದೊತ್ತಡ, ರಕ್ತದ ಸಕ್ಕರೆ, ಹಿಮೋಗ್ಲೋಬಿನ್, ಸೊಂಟದ ಸುತ್ತಳತೆ ಇವು ತೂಕಕ್ಕಿಂತ ಹೆಚ್ಚಿನ ಸಂಗತಿ ಹೇಳುತ್ತವೆ.

ನಮ್ಮ ತಾಟಿನಲ್ಲೇ ಇದೆ

ಹಾಗಾದರೆ ಮಾಡುವುದೇನು? ದುಬಾರಿ ಪುಡಿ, ಪರದೇಶದ ಬೀಜ ಬೇಕಿಲ್ಲ. ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಹಸಿ ಮೆಂತ್ಯೆ, ಉಳ್ಳಾಗಡ್ಡಿ, ಶೇಂಗಾ ಹಿಂಡಿ ಅಥವಾ ಅಗಸಿ ಹಿಂಡಿ, ಒಂದು ಬಟ್ಟಲು ಮೊಸರು. ಹುಬ್ಬಳ್ಳಿ-ಧಾರವಾಡದ ಈ ದಿನನಿತ್ಯದ ಊಟವೇ ಸಮತೋಲ ಆಹಾರ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು ಇದೆ. ರೊಟ್ಟಿಯನ್ನು ಅಗಿದೇ ತಿನ್ನಬೇಕಾದ್ದರಿಂದ ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸಮಯವೂ ಸಿಗುತ್ತದೆ. ಹಬ್ಬದ ದಿನ ಒಂದು ಧಾರವಾಡ ಪೇಡೆ ತಿಂದರೆ ಪಾಪವಿಲ್ಲ. ನಿತ್ಯ ಸಂಜೆ ಮಿರ್ಚಿ-ಭಜಿ ತಿನ್ನುವ ರೂಢಿಯ ಮಾತು ಬೇರೆ.

ಇನ್ನು ನಡಿಗೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಐದು ದಿನ ಅರ್ಧ ಗಂಟೆ. ಹುಬ್ಬಳ್ಳಿಗೆ ನೃಪತುಂಗ ಬೆಟ್ಟ, ಉಣಕಲ್ ಕೆರೆಯಿದೆ. ಧಾರವಾಡಕ್ಕೆ ಸಾಧನಕೇರಿ, ಕೆಲಗೇರಿ ಕೆರೆ, ವಿಶ್ವವಿದ್ಯಾಲಯದ ಮರದ ನೆರಳಿದೆ. ಅಷ್ಟೂ ಪುರುಸೊತ್ತಿಲ್ಲದವರು ಚಿಗರಿ ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡೆಯಬಹುದು. ಒಂದು ಕಿಲೋ ಇಳಿಯದಿದ್ದರೂ ನಡಿಗೆಯ ಫಲ ತಪ್ಪದು. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ, ಒತ್ತಡ ತಗ್ಗುತ್ತದೆ, ನಿದ್ದೆ ಚೆನ್ನಾಗಿ ಹತ್ತುತ್ತದೆ.

ಸಕ್ಕರೆ ಕಾಯಿಲೆ, ಮಂಡಿನೋವು, ಥೈರಾಯ್ಡ್ ತೊಂದರೆ ಇದ್ದವರು ತೂಕದ ಬಗ್ಗೆ ವೈದ್ಯರ ಸಲಹೆಯಂತೆ ನಡೆಯಲೇಬೇಕು. ಅದು ಚಿಕಿತ್ಸೆ. ನಾಲ್ಕು ಜನರ ಬಾಯಿಗೆ ಅಂಜಿ ಉಪವಾಸ ಬೀಳುವುದು ಚಿಕಿತ್ಸೆಯಲ್ಲ.

ಎತ್ತರ, ಎಲುಬಿನ ಅಗಲ, ಮೈಕಟ್ಟು ಬಹುಪಾಲು ತಂದೆ-ತಾಯಿಯಿಂದ ಬಂದ ಆಸ್ತಿ. ಅದನ್ನು ನಾಚಿಕೆಯಿಂದ ಬದಲಿಸಲಾಗದು. ಮೈಯನ್ನು ತನ್ನದೆಂದು ಒಪ್ಪಿಕೊಂಡವರೇ ಅದಕ್ಕೆ ಹೊತ್ತಿಗೆ ಸರಿಯಾಗಿ ಉಣಿಸುತ್ತಾರೆ, ಪ್ರೀತಿಯಿಂದ ದುಡಿಸುತ್ತಾರೆ. ಮನೆಯ ಹಿರಿಯರು ಮಕ್ಕಳ ಮೈ ನೋಡಿ ಹೆಸರಿಡುವುದನ್ನು ಬಿಟ್ಟು ಅವರೊಡನೆ ಕೂತು ಉಂಡರೆ, ಸಂಜೆ ಒಂದು ಸುತ್ತು ನಡೆದುಬಂದರೆ, ಆರೋಗ್ಯದ ಅರ್ಧ ಪಾಠ ಮುಗಿದಂತೆ.