ಕಡುಬಿನ ಹಿಟ್ಟಿಗೆ ಕುದಿನೀರು ಏಕೆ?

ಗಣೇಶ ಚೌತಿಯ ದಿನ ಕಡುಬಿಗೆ ಅಕ್ಕಿಹಿಟ್ಟು ಕಲಸುವವರು ತಣ್ಣೀರನ್ನು ಮುಟ್ಟುವುದಿಲ್ಲ. ನೀರು ಮರಳುವಾಗ ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ಹಿಟ್ಟು ಸುರಿಯುತ್ತಾರೆ. ಸ್ವಲ್ಪ ಹೊತ್ತು ಮುಚ್ಚಿಟ್ಟು, ಬಿಸಿ ಇರುವಾಗಲೇ ಕೈಗೆ ತುಪ್ಪ ಸವರಿಕೊಂಡು ನಾದುತ್ತಾರೆ. ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಮಡಿಚಿದಲ್ಲೆಲ್ಲ ಬಿರಿದು ಹೂರಣ ಹೊರಗೆ ಬರುತ್ತದೆ. ಚಪಾತಿಯ ಹಿಟ್ಟಿಗಾದರೋ ತಣ್ಣೀರೇ ಸಾಕು. ಎರಡೂ ಧಾನ್ಯದ ಹಿಟ್ಟೇ ಆಗಿರುವಾಗ ಈ ಭೇದವೇಕೆ?

ಉತ್ತರ ಗೋಧಿಯಲ್ಲಿರುವ ಗ್ಲುಟೆನ್‌ನಲ್ಲಿದೆ. ಗೋಧಿ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಅದರ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ರಬ್ಬರಿನಂತೆ ಹಿಗ್ಗುವ ಜಾಲವಾಗುತ್ತವೆ. ಬ್ರೆಡ್ಡು ಉಬ್ಬುವುದು, ಹೋಳಿಗೆಯ ಕಣಕ ಹರಿಯದೆ ಎಳೆಯಲು ಬರುವುದು ಈ ಜಾಲದಿಂದಲೇ. ಅಕ್ಕಿ, ರಾಗಿ, ಜೋಳ, ನವಣೆ, ಸಾಮೆಗಳಲ್ಲಿ ಇಂಥ ಜಾಲವಿಲ್ಲ. ಅಲ್ಲಿ ಅಂಟಿನ ಕೆಲಸ ಮಾಡುವುದು ಪಿಷ್ಟ. ಬಿಸಿ ತಾಗಿದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಗಂಜಿಯಂತಾಗಿ ಹಿಟ್ಟನ್ನು ಹಿಡಿದಿಡುತ್ತವೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಹಿಟ್ಟಿಗೆ ಎಸರು ಹಾಕುವುದರ ಹಿಂದೆ ಇರುವುದೂ ಇದೇ ಕಾರಣ.

ಹೆಚ್ಚಿನವರಿಗೆ ಇದು ಕೇವಲ ಹದದ ಮಾತು. ಆದರೆ ಕೆಲವರಿಗೆ ಆರೋಗ್ಯದ ಪ್ರಶ್ನೆ. ಸೀಲಿಯಾಕ್ ಎಂಬ ಕಾಯಿಲೆ ಇರುವವರು ಗೋಧಿ, ಬಾರ್ಲಿಯಂಥ ಧಾನ್ಯಗಳ ಗ್ಲುಟೆನ್ ತಿಂದರೆ ದೇಹದ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಒಳಪದರದ ಮೇಲೆಯೇ ತಿರುಗಿಬೀಳುತ್ತದೆ. ಉಂಡ ಊಟದ ಸಾರ ಮೈಗೆ ಹತ್ತುವುದಿಲ್ಲ. ಮಕ್ಕಳು ಸೊರಗುತ್ತಾರೆ, ಬೆಳವಣಿಗೆ ಕುಂಠಿತವಾಗುತ್ತದೆ. ದೊಡ್ಡವರಲ್ಲಿ ಬಿಡದ ರಕ್ತಹೀನತೆಯೊಂದೇ ಲಕ್ಷಣವಾಗಿ ಕಾಣಬಹುದು.

ಇದಕ್ಕೆ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಅವರಿಗೆ ಮೊದಲೇ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕೊನೆಗೆ, 1944–45ರ ಚಳಿಗಾಲದಲ್ಲಿ ಅಲ್ಲಿ ಭೀಕರ ಕ್ಷಾಮ ಬಂದು ಬ್ರೆಡ್ಡು ಸಿಗದಂತಾಯಿತು. ಊರಿಗೆ ಊರೇ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದಾಗ ಕಾಯಿಲೆಯೂ ಮರಳಿತು. ಡಿಕೆ ಅವರ ಪ್ರೌಢ ಪ್ರಬಂಧ 1950ರಲ್ಲಿ ಹೊರಬಂತು. ಗ್ಲುಟೆನ್ ಇರುವ ಆಹಾರವನ್ನು ಜೀವನಪೂರ್ತಿ ಬಿಡುವುದೇ ಇಂದಿಗೂ ಇದರ ಮುಖ್ಯ ಚಿಕಿತ್ಸೆ. ಭಾರತದಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಿಗೆ ಈ ಕಾಯಿಲೆ ಇದೆ.

ಸಾವಿರಕ್ಕೆ ಒಬ್ಬರೆಂದರೆ ಕಡಿಮೆಯೆನಿಸಬಹುದು. ಆದರೆ ಯುಗಾದಿಯ ಪಂಕ್ತಿಯಲ್ಲಿ ಎಲ್ಲರ ಎಲೆಗೂ ಹೋಳಿಗೆ ಬಿದ್ದು ಒಂದು ಮಗುವಿನ ಎಲೆ ಮಾತ್ರ ಖಾಲಿ ಉಳಿದರೆ ಆ ಮನೆಯವರಿಗೆ ಅಂಕಿಅಂಶದಿಂದ ಸಮಾಧಾನವಾಗದು. ಸಮಾಧಾನ ಇರುವುದು ಅದೇ ಅಡುಗೆಮನೆಯಲ್ಲಿ. ಕನ್ನಡ ನಾಡಿನ ಹಳೆಯ ಊಟ ಬಹುಮಟ್ಟಿಗೆ ಗೋಧಿಯ ಹಂಗಿಲ್ಲದೆ ಬೆಳೆದದ್ದು.

ಆ ಊಟದ ಜೀವಾಳ ಕಾಯಿ, ಸೊಪ್ಪು, ಬೇಳೆ. ಹದಿನಾರನೇ ಶತಮಾನದ ಆರಂಭದ ಕವಿ ಮೂರನೇ ಮಂಗರಸ ತನ್ನ ‘ಸೂಪಶಾಸ್ತ್ರ’ದಲ್ಲಿ ಬದನೆ, ಹಲಸು, ಬಾಳೆಗಳ ಅಡುಗೆಯನ್ನು ಪದ್ಯದಲ್ಲೇ ವಿವರಿಸಿದ್ದಾನೆ. ಮಲೆನಾಡಿನ ತಂಬುಳಿಯನ್ನೇ ನೋಡಿ: ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಜೀರಿಗೆ, ಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಮಂಡ್ಯ, ಮೈಸೂರು ಕಡೆಯ ಬಸ್ಸಾರಿನಲ್ಲಿ ಸೊಪ್ಪು ಬೇಳೆ ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ, ಏನೂ ಪೋಲಾಗುವುದಿಲ್ಲ. ಕೋಸಂಬರಿಗೆ ಒಲೆಯೇ ಬೇಡ.

ಸಿಹಿಯೂ ಹಾಗೆಯೇ. ರಾಗಿಯನ್ನೋ ಅಕ್ಕಿಯನ್ನೋ ನೆನೆಸಿ ರುಬ್ಬಿ, ಸೋಸಿದ ಹಾಲಿಗೆ ಬೆಲ್ಲ, ಕಾಯಿಹಾಲು ಸೇರಿಸಿ ಗಟ್ಟಿಯಾಗುವವರೆಗೆ ಮಗುಚಿ ತಟ್ಟೆಗೆ ಸುರಿದರೆ ಹಾಲುಬಾಯಿ. ಆರಿದ ಮೇಲೆ ಅದು ಬಿಲ್ಲೆಯಾಗಿ ಕತ್ತರಿಸಲು ಬರುವುದು ಅದೇ ಪಿಷ್ಟದ ಗುಣದಿಂದ. ಕರಾವಳಿಯಲ್ಲಿ ನಾಗರಪಂಚಮಿಗೆ ಅರಿಶಿನದ ಎಲೆಯ ಮೇಲೆ ಅಕ್ಕಿಹಿಟ್ಟು ಸವರಿ, ಕಾಯಿಬೆಲ್ಲ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಅಕ್ಕಿಹಿಟ್ಟಿನ ತಂಬಿಟ್ಟು, ಹೆಸರುಬೇಳೆಯ ಪಾಯಸ – ಇವು ಯಾವುವೂ ಪಥ್ಯಕ್ಕೆಂದು ಹುಟ್ಟಿದವಲ್ಲ, ಹಬ್ಬಕ್ಕೆಂದೇ ಹುಟ್ಟಿದವು.

ಹಾಗೆಂದು ಕಣ್ಣುಮುಚ್ಚಿ ಉಣ್ಣುವಂತಿಲ್ಲ. ಉಪ್ಪಿಟ್ಟಿನ ರವೆ, ಮೈದಾ, ಅಂಗಡಿಯ ಸಾಮಾನ್ಯ ಶಾವಿಗೆ, ಹುಗ್ಗಿಯ ಸದಕ – ಹೆಸರು ಬೇರೆಯಾದರೂ ಎಲ್ಲವೂ ಗೋಧಿಯೇ. ಇನ್ನೂ ಗುಪ್ತವಾದದ್ದು ಇಂಗು. ಶುದ್ಧ ಇಂಗು ಬಲು ತೀಕ್ಷ್ಣವಾದ್ದರಿಂದ ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಅನೇಕ ವೇಳೆ ಗೋಧಿಯದು. ತಂಬುಳಿಯ ಒಗ್ಗರಣೆಯ ಒಂದು ಚಿಟಿಕೆಯಲ್ಲೇ ಗೋಧಿ ನುಸುಳಬಹುದು. ಡಬ್ಬಿಯ ಮೇಲಿನ ಪಟ್ಟಿ ಓದಿ ಅಕ್ಕಿಹಿಟ್ಟು ಬೆರೆಸಿದ್ದನ್ನು ಆರಿಸಿಕೊಳ್ಳಬೇಕು. ಹಿಟ್ಟಿನ ಗಿರಣಿಯೂ ಅಷ್ಟೇ: ಮುಂಚೆ ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಎರಡೂ ಬೆರೆಯುತ್ತವೆ. ಸೀಲಿಯಾಕ್ ಇರುವವರ ಮನೆಯಲ್ಲಿ ಹಿಟ್ಟನ್ನು ಮನೆಯಲ್ಲೇ ಪುಡಿ ಮಾಡಿಕೊಳ್ಳುವುದು ಕ್ಷೇಮ.

ಎರಡು ಮಾತು ನೆನಪಿಡಬೇಕು. ಗ್ಲುಟೆನ್ ಇಲ್ಲದ ಸಿಹಿಯಲ್ಲೂ ಬೆಲ್ಲ ಬೆಲ್ಲವೇ. ಸಕ್ಕರೆ ಕಾಯಿಲೆಯವರಿಗೆ ಅದರಿಂದ ರಿಯಾಯಿತಿ ಇಲ್ಲ. ಅನುಮಾನ ಬಂದೊಡನೆ ತಾವಾಗಿಯೇ ಗೋಧಿ ಬಿಡುವುದೂ ಸರಿಯಲ್ಲ. ಬಿಟ್ಟ ಮೇಲೆ ರಕ್ತಪರೀಕ್ಷೆಯಲ್ಲಿ ಕಾಯಿಲೆ ಕಾಣಿಸದೆ ಹೋಗಬಹುದು. ಮೊದಲು ವೈದ್ಯರು, ಆಮೇಲೆ ಪಥ್ಯ. ಕಾಯಿಲೆ ಇಲ್ಲದವರು ಗೋಧಿಗೆ ಹೆದರಬೇಕಾದ್ದೂ ಇಲ್ಲ.

ಪರೀಕ್ಷೆಯಲ್ಲಿ ಖಚಿತವಾದರೂ ಆ ಮಗುವಿಗಾಗಿ ಬೇರೆ ಒಲೆ ಹೂಡಬೇಕಿಲ್ಲ. ಹಬ್ಬದ ದಿನ ಹೋಳಿಗೆಯ ಬದಲು ಮನೆಮಂದಿಗೆಲ್ಲ ಕಡುಬನ್ನೇ ಮಾಡಿದರೆ, ಪಂಕ್ತಿಯಲ್ಲಿ ಯಾರ ಎಲೆಯೂ ಬೇರೆಯಾಗುವುದಿಲ್ಲ.