ಪಿಕಪ್‌ಗೆ ಜೀಪಿನ ಆಕ್ಸಲ್: ಕಡಿಯುವ ಮೊದಲು ಅಳೆಯಿರಿ

ನಮ್ಮ ತಲ್ಲೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಹಕ್ಕಲಿನ ದಾರಿ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಮಳೆಗಾಲದಲ್ಲಿ ಮಣ್ಣು ತೊಳೆದು ಹೋಗಿ ಮುರಕಲ್ಲಿನ ಹಲ್ಲುಗಳು ಮೇಲೆ ಕಾಣುತ್ತವೆ. ನನ್ನದು ನೀರಿನ ಆಸರೆ ಇಲ್ಲದ ಮಕ್ಕಿ ಗದ್ದೆ ಮತ್ತು ಗೇರು ಹಾಕಿದ ಹಕ್ಕಲು. ಗೊಬ್ಬರ, ದರಲೆ, ಕಲ್ಲು ಎಲ್ಲ ಆ ದಾರಿಯಲ್ಲೇ ಹೋಗಬೇಕು. ಅದಕ್ಕಾಗಿ ಹಳೇ ಪಿಕಪ್ ಒಂದನ್ನು ತೆಗೆದುಕೊಂಡಿದ್ದೆ. ಎರಡು ವರ್ಷದಲ್ಲಿ ಮೂರು ಸಲ ಅದರ ಮುಂದಿನ ಬಾಲ್ ಜಾಯಿಂಟ್, ಬುಷ್ ಹೋಯ್ತು. ಆಗ ತಲೆಗೆ ಹೊಕ್ಕ ಯೋಚನೆ: ಹಳೇ ಜೀಪಿನ ಆಕ್ಸಲ್ ಹಾಕಿದರೆ ಹೇಗೆ?

ಈ ಯೋಚನೆ ನನ್ನೊಬ್ಬನದಲ್ಲ. ಕೊಲ್ಲೂರಿನಿಂದ ಜನರನ್ನು ಹೇರಿಕೊಂಡು 1343 ಮೀಟರ್ ಎತ್ತರದ ಕೊಡಚಾದ್ರಿಗೆ ಹತ್ತುವ ಜೀಪುಗಳನ್ನು ನೋಡಿದ ಯಾರಿಗೂ ಅನಿಸುವುದೇ. ಇವತ್ತಿಗೂ ಇಬ್ಬರು ಮೂವರು ಬಂದು ನನ್ನಲ್ಲಿ ವಿಚಾರಿಸುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ವ್ಯತ್ಯಾಸ ತಿಳಿಯಬೇಕು. ಜೀಪಿನ ಆಕ್ಸಲ್ ಎತ್ತಿನ ಗಾಡಿಯ ಅಚ್ಚಿನ ಹಾಗೆ. ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಕಬ್ಬಿಣ, ಅದರ ಹೊಟ್ಟೆಯೊಳಗೆ ಕ್ರೌನ್ ಮತ್ತು ಪಿನಿಯನ್. ಒಂದು ಚಕ್ರ ಕಲ್ಲು ಹತ್ತಿದರೆ ಇಡೀ ಅಚ್ಚು ವಾಲುತ್ತದೆ, ಇನ್ನೊಂದು ಚಕ್ರ ನೆಲಕ್ಕೆ ಒತ್ತಿ ನಿಲ್ಲುತ್ತದೆ. ಸವೆಯುವ ಕೀಲುಗಳು ಕಡಿಮೆ. ನನ್ನ ಪಿಕಪ್ಪಿನ ಹಿಂದಿನದ್ದು ಹೀಗೆಯೇ ಇತ್ತು. ಮುಂದಿನದ್ದು ಮಾತ್ರ ಎರಡು ಚಕ್ರಕ್ಕೂ ಬೇರೆ ಬೇರೆ ಕೈ ಇದ್ದದ್ದು. ಹೊಂಡಕ್ಕೆ ಬಿದ್ದ ಚಕ್ರ ಒಂದೇ ಇಳಿಯುತ್ತದೆ, ಡಾಮರು ರಸ್ತೆಗೆ ಸುಖ. ಆದರೆ ಕೈಯೊಂದಕ್ಕೆ ಎರಡು ಮೂರು ಕೀಲು, ನಮ್ಮ ಕೆಂಪು ರಾಡಿಯಲ್ಲಿ ಅವು ಬಾಳುವುದಿಲ್ಲ.

2016ರಲ್ಲಿ ಗುಜರಿಯಲ್ಲಿ ಜೀಪಿನ ಎರಡು ಆಕ್ಸಲ್ ತೂಕದ ಲೆಕ್ಕದಲ್ಲಿ ಸಿಕ್ಕಿತು. ಗ್ಯಾರೇಜಿನವ ಹೇಳಿದ, "ಹ್ವಾಯ್, ಕಬ್ಬಿಣ ಅಲ್ದಾ? ಬೆಸುಗೆ ಹಾಕ್ರೆ ಎಂತದೂ ಕೂಕಂತ್." ಮುಂದೆ ಜೀಪಿನದ್ದು ಹಾಕಿದ ಮೇಲೆ ಚಕ್ರ ಹೊಂದಬೇಕಲ್ಲ, ಹಿಂದೆಯೂ ಅದನ್ನೇ ಹಾಕುವುದು ಅಂತ ತೀರ್ಮಾನ. ಜೀಪಿನ ಚಕ್ರಕ್ಕೆ ಐದು ಬೋಲ್ಟು, ಐದೂವರೆ ಇಂಚಿನ ವೃತ್ತದಲ್ಲಿ. ನನ್ನ ಗಾಡಿಯದ್ದು ಬೇರೆ. ಮುಂದಿನ ಕೈಗಳನ್ನು ಹಿಡಿದಿದ್ದ ಅಡ್ಡ ಪಟ್ಟಿಯನ್ನು ಗ್ಯಾಸಿನಲ್ಲಿ ಕಡಿದು ತೆಗೆದ. ಆ ದಿನ ನಾನು ಕೈಯಲ್ಲಿ ಅಳತೆ ಪಟ್ಟಿ ಹಿಡಿದು ನಿಂತಿದ್ದರೆ ಮುಂದಿನದ್ದೆಲ್ಲ ಆಗುತ್ತಿರಲಿಲ್ಲ.

ಹಲ್ಲಿನ ಲೆಕ್ಕ

ಪಿನಿಯನ್ನಿನ ಹಲ್ಲಿಗೆ ಕ್ರೌನಿನ ಹಲ್ಲು ಎಷ್ಟು ಪಾಲು ಎನ್ನುವುದೇ ಆಕ್ಸಲಿನ ಜಾತಕ. ಯುದ್ಧಕಾಲದ ವಿಲ್ಲಿಸ್ ಜೀಪಿಗೆ 8ಕ್ಕೆ 39, ಅಂದರೆ 4.88. ನಮ್ಮಲ್ಲಿ ಬಹುಕಾಲ ಓಡಿದ ಸಿಜೆ 3ಬಿ ಮಾದರಿಗೆ 8ಕ್ಕೆ 43, ಅಂದರೆ 5.38. ಬಿಚ್ಚದೆಯೇ ಎಣಿಸಬಹುದು. ಗೇರು ನ್ಯೂಟ್ರಲ್ ಮಾಡಿ, ಒಂದು ಹಿಂದಿನ ಚಕ್ರ ಮಾತ್ರ ಜಾಕಿನಲ್ಲಿ ಎತ್ತಿ, ಉಳಿದವಕ್ಕೆ ಕಲ್ಲು ಕೊಡಿ. ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಶಾಫ್ಟು ಎಷ್ಟು ಸುತ್ತು ತಿರುಗುತ್ತದೋ ಅದೇ ಲೆಕ್ಕ. ಒಂದು ಚಕ್ರ ನಿಂತಿರುವಾಗ ತಿರುಗುವ ಚಕ್ರದ ಎರಡು ಸುತ್ತಿಗೆ ಕ್ರೌನು ಒಂದೇ ಸುತ್ತು ಬರುತ್ತದೆ, ಅದಕ್ಕೆ ಎರಡು ಸುತ್ತು.

ನನ್ನ ಹಳೇ ಆಕ್ಸಲಿಗೆ ನಾಲ್ಕು ಸುತ್ತಿಗಿಂತ ಚೂರು ಜಾಸ್ತಿ ಬರುತ್ತಿತ್ತು. ಜೀಪಿನದ್ದಕ್ಕೆ ಐದೂ ಕಾಲು ಸುತ್ತು ದಾಟಿತು. ಇದನ್ನು ಎಣಿಸಿದ್ದು ಕೂರಿಸಿ ಆದ ಮೇಲೆ! ಏರಿಗೆ ಗಾಡಿ ಆರಾಮ ಹತ್ತುತ್ತಿತ್ತು, ಒಂದು ತಿಂಗಳು ನಾನೇ ರಾಜ. ಆದರೆ ಹೆದ್ದಾರಿಗೆ ಬಂದರೆ ಮೊದಲು 50ರಲ್ಲಿ ಇಂಜಿನ್ನು ಮಾಡುವ ಶಬ್ದ 40ಕ್ಕೇ ಬರುತ್ತಿತ್ತು. ಡೀಸೆಲ್ ಕುಡಿಯುವುದು ಹೆಚ್ಚಾಯ್ತು. ನಾಲ್ಕು ಚಕ್ರವೂ ಎಳೆಯುವ ಗಾಡಿಯಾದರೆ ಹಿಂದೆ ಮುಂದೆ ಲೆಕ್ಕ ಒಂದೇ ಇರಲೇಬೇಕು. ಇಲ್ಲದಿದ್ದರೆ ಒಣ ರಸ್ತೆಯಲ್ಲಿ ಒಂದನ್ನೊಂದು ತಿರುಚಿ ಏನಾದರೊಂದು ಮುರಿಯುತ್ತದೆ.

ನನಗೆ ಆ ತೊಂದರೆ ಬರಲಿಲ್ಲ, ಯಾಕೆಂದರೆ ಮುಂದಿನ ಚಕ್ರ ಎಳೆಯಲೇ ಇಲ್ಲ. ಜೀಪಿನಲ್ಲಿ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಪೆಟ್ಟಿಗೆ ಗೇರ್ ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಅದು ನನ್ನ ಗಾಡಿಯ ಗೇರ್ ಬಾಕ್ಸಿಗೆ ಕೂರುವಂಥದ್ದಲ್ಲ. ಜೀಪಿನ ಆಕ್ಸಲಿನ ಗುಂಡು ನಡುಮಧ್ಯೆ ಇಲ್ಲದೆ ಒಂದು ಪಕ್ಕಕ್ಕೆ ಇರುವುದೂ ಆ ಪೆಟ್ಟಿಗೆಗೆ ನೇರ ಬರಲಿಕ್ಕೆ. ಅರ್ಧ ಲಕ್ಷ ಖರ್ಚು ಮಾಡಿ ಎಳೆಯದ ಆಕ್ಸಲನ್ನು ಮುಂದೆ ಹೊತ್ತು ತಿರುಗಿದೆ. ಕೊಡಚಾದ್ರಿ ಹತ್ತುವುದು ಬರೀ ಆಕ್ಸಲಲ್ಲ ಮಾರಾಯ್ರೆ. ಹಗುರ ಮೈ, ಗಿಡ್ಡ ಚಾಸಿ, ಆ ಪೆಟ್ಟಿಗೆಯ ಲೋ ಗೇರು, ಎಲ್ಲ ಸೇರಿ ಹತ್ತುವುದು.

ತೂಕ

ಇದೇ ದೊಡ್ಡ ವಿಷಯ. ವಿಲ್ಲಿಸ್ ಜೀಪನ್ನು ಅಮೆರಿಕದ ಸೈನ್ಯ ಕಾಲು ಟನ್ನಿನ ಗಾಡಿ ಅಂತ ಮಾಡಿಸಿದ್ದು. ಅದರ ಬ್ರೇಕಿನ ಡ್ರಮ್ಮು 9 ಇಂಚು. ನಾವು ಪಿಕಪ್ಪಿಗೆ ಹೇರುವುದು ಒಂದು ಟನ್ನು, ನಿಜ ಹೇಳಿದರೆ ಅದಕ್ಕೂ ಮೇಲೆ. ಆಕ್ಸಲ್ ನೋಡಲಿಕ್ಕೆ ದಪ್ಪ ಕಂಡಿತು ಅಂತ ಭಾರ ಹೊರುತ್ತದೆ ಅನ್ನುವಂತಿಲ್ಲ.

ಒಳಗಿನ ಶಾಫ್ಟು ಎರಡು ಬಗೆ. ಒಂದರಲ್ಲಿ ಗಾಡಿಯ ಭಾರವನ್ನು ಹೊರಗಿನ ಕೊಳವೆಯೇ ಹೊರುತ್ತದೆ, ಶಾಫ್ಟು ಬರೀ ತಿರುಗಿಸುತ್ತದೆ. ಚಕ್ರದ ನಡುವೆ ಸುತ್ತ ಬೋಲ್ಟು ಹಾಕಿದ ಮುಚ್ಚಳದಂಥ ತಟ್ಟೆ ಇರುತ್ತದೆ. ಬೋಲ್ಟು ಬಿಚ್ಚಿದರೆ ಚಕ್ರ ನೆಲದಲ್ಲಿರುವಾಗಲೇ ಶಾಫ್ಟು ಹೊರಗೆ ಎಳೆಯಬಹುದು. ಲಾರಿಗಳದ್ದು ಹೀಗೆ. ಶಾಫ್ಟು ತುಂಡಾದರೂ ಚಕ್ರ ಅಲ್ಲೇ ಇರುತ್ತದೆ. ಇನ್ನೊಂದರಲ್ಲಿ ಶಾಫ್ಟೇ ತಿರುಗಿಸಬೇಕು, ಶಾಫ್ಟೇ ಭಾರವನ್ನೂ ಹೊರಬೇಕು. ಚಕ್ರದ ನಡುವೆ ಒಂದೇ ದೊಡ್ಡ ನಟ್ಟು ಕಾಣುತ್ತದೆ. ಹಳೇ ಜೀಪುಗಳಲ್ಲಿ ಎರಡು ಬಗೆಯೂ ಉಂಟು. ನನಗೆ ಸಿಕ್ಕಿದ್ದು ಎರಡನೆಯದು.

ಮರುವರ್ಷ ಜುಲೈಯಲ್ಲಿ ಹಕ್ಕಲಿನ ಕಟ್ಟಕ್ಕೆ ಅಂತ 25 ಮುರಕಲ್ಲು ಹೇರಿ ಹೊರಟೆವು. ಮಗ ಹಿಂದೆ ಕಲ್ಲಿನ ಮೇಲೆ ಕೂತಿದ್ದ. ಏರಿನ ನಡುವೆ ಟಪ್ ಅಂತ ಶಬ್ದ. ಎಡದ ಹಿಂದಿನ ಚಕ್ರ ಮುರಿದ ಶಾಫ್ಟಿನ ತುಂಡಿನ ಸಮೇತ ಹೊರಗೆ ಬಂದು ಚರಂಡಿ ಕಡೆ ಉರುಳಿತು. ಚಕ್ರದ ಜೊತೆ ಆ ಬದಿಯ ಬ್ರೇಕೂ ಹೋಯ್ತು, ಪೆಡಲು ನೆಲ ಮುಟ್ಟಿತು. ಗಾಡಿ ಹಿಂದಕ್ಕೆ ಜಾರಿ ಎಡಕ್ಕೆ ವಾಲಿತು. ಮಗ ಬಲಕ್ಕೆ ಹಾರಿದ. ಎಡಕ್ಕೆ ಹಾರಿದ್ದರೆ ಕಲ್ಲೆಲ್ಲ ಅವನ ಮೇಲೆ ಬೀಳುತ್ತಿತ್ತು. ಧರೆಗೆ ತಾಗಿ ಗಾಡಿ ನಿಂತಿತು. ನಾನು ಸ್ಟೇರಿಂಗ್ ಬಿಟ್ಟು ಇಳಿಯಲಿಕ್ಕೆ ಎಷ್ಟು ಹೊತ್ತು ಬೇಕಾಯ್ತೋ.

ವಾಲಲಿಕ್ಕೆ ಇನ್ನೊಂದು ಕಾರಣವೂ ಇತ್ತು. ಹಳೇ ಜೀಪಿನ ಎರಡು ಚಕ್ರಗಳ ನಡುವೆ ಸುಮಾರು 49 ಇಂಚು ಅಂತರ. ಪಿಕಪ್ಪಿನದ್ದು ಅದಕ್ಕಿಂತ ಅಗಲ. ನಾವು ಅಚ್ಚನ್ನು ಕಿರಿದು ಮಾಡಿದೆವು, ಕಮಾನು ಪಟ್ಟಿಯ ಮೇಲೆ ಕೂರಿಸಿ ಮೈಯನ್ನು ಎತ್ತರವೂ ಮಾಡಿದೆವು. ಚಕ್ರಕ್ಕೆ ದಪ್ಪ ಬಿಲ್ಲೆ ಕೊಟ್ಟು ಹೊರಗೆ ತಳ್ಳುವವರಿದ್ದಾರೆ. ಆಗ ಬೇರಿಂಗಿಗೆ ಸನ್ನೆಕೋಲು ಹಾಕಿ ಮೀಟಿದ ಹಾಗೆ ಆಗುತ್ತದೆ.

ಬೆಸುಗೆಯ ಬಗ್ಗೆಯೂ ಹೇಳಬೇಕು. ಕಮಾನು ಪಟ್ಟಿ ಕೂರುವ ಪೀಠವನ್ನು ಆಕ್ಸಲಿಗೆ ಒಂದೇ ಸವನೆ ಬೆಸೆದರೆ ಬಿಸಿಗೆ ಕೊಳವೆ ಬಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ, ಆಚೆ ಈಚೆ ಬದಲಿಸಿ, ಆರಲು ಬಿಟ್ಟು ಬೆಸೆಯಬೇಕು. ಪಿನಿಯನ್ನಿನ ಮೂತಿಯ ಓರೆ ಮತ್ತು ಗೇರ್ ಬಾಕ್ಸಿನ ಬಾಲದ ಓರೆ ಒಂದೇ ಇರಬೇಕು, ಇಲ್ಲದಿದ್ದರೆ ಶಾಫ್ಟು ನಡುಗುತ್ತದೆ. ನಮ್ಮಲ್ಲಿ ಇದನ್ನು ಕಣ್ಣಂದಾಜಿನಲ್ಲಿ ಮಾಡಿದರು. ಮುಂದಿನ ಅಚ್ಚಿನ ಕಿಂಗ್ ಪಿನ್ನಿನ ತಲೆ ಚೂರು ಹಿಂದಕ್ಕೆ ವಾಲಿರಬೇಕು. ಆ ವಾಲು ತಪ್ಪಿದರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಸ್ಟೇರಿಂಗಿನ ಸಲಾಕೆ ಅಚ್ಚಿನ ಓಟಕ್ಕೆ ಹೊಂದದಿದ್ದರೆ ಹೊಂಡ ಬಂದಾಗಲೆಲ್ಲ ಚಕ್ರ ತಾನೇ ತಿರುಗುತ್ತದೆ. ನನ್ನ ಗಾಡಿಯಲ್ಲಿ ಎರಡೂ ಇತ್ತು.

ಕಾನೂನು

ಗಾಡಿ ವಾಲಿದ ಮೇಲೆ ವಿಮೆಯ ವಿಷಯ ತಿಳಿದವರೊಬ್ಬರಲ್ಲಿ ಕೇಳಿದೆ. "ಬಾಯಿ ಮುಚ್ಕಂಡ್ ಮನೀಗ್ ಹೋಯ್ನಿ" ಅಂದರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಮೊಕದ್ದಮೆಯೊಂದರಲ್ಲಿ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಬದಲಾಯಿತು. ಒಪ್ಪಿಗೆಯಿಲ್ಲದ ಒಂದೊಂದು ಮಾರ್ಪಾಟಿಗೂ ಮಾಲಿಕನಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಸಾಮಾನು ಸಾಗಿಸುವ ಗಾಡಿಗೆ ಫಿಟ್‌ನೆಸ್ ಬೇರೆ ಮಾಡಿಸಬೇಕಲ್ಲ, ಅಲ್ಲಿ ಅಡಿಗೆ ಬಗ್ಗಿ ನೋಡಿದರೆ ಮುಗಿಯಿತು. ಅದೇ ಮಾದರಿಯ ಗಾಡಿಯ ಆಕ್ಸಲ್ ತಂದು ಬದಲಿಸುವುದು ದುರಸ್ತಿ, ಅದಕ್ಕೆ ಯಾರದ್ದೂ ತಕರಾರಿಲ್ಲ.

ನಾನು ಕೊನೆಗೆ ಮಾಡಿದ್ದೂ ಅದನ್ನೇ. ಹಿಂದಿನ ಹಳೇ ಆಕ್ಸಲನ್ನು ಗುಜರಿಗೆ ಹಾಕುವುದಕ್ಕೆ ಮನೆಯವಳು ಬಿಟ್ಟಿರಲಿಲ್ಲ, ಅದು ಕೊಟ್ಟಿಗೆಯಲ್ಲಿ ಇತ್ತು. ಮುಂದಕ್ಕೆ ಅದೇ ಮಾದರಿಯ ಗುಜರಿ ಗಾಡಿಯೊಂದರ ಅಡ್ಡ ಪಟ್ಟಿ ಮತ್ತು ಕೈಗಳು ಹುಡುಕಿ ಸಿಗಲಿಕ್ಕೆ ಏಳು ತಿಂಗಳು ಹಿಡಿಯಿತು. ಬಿಚ್ಚಿ ಮೊದಲಿನ ಹಾಗೆ ಮಾಡಿದ ಖರ್ಚು ಕೂರಿಸಿದ ಖರ್ಚಿಗಿಂತ ಹೆಚ್ಚಾಯ್ತು. ಆಮೇಲೆ ಮಗ ಮತ್ತು ನಾನು ಸೇರಿ ಏರಿನ ದಾರಿಗೆ ಎರಡು ಕಡೆ ಅಡ್ಡ ಚರಂಡಿ ತೆಗೆದು, ಹೊಂಡಕ್ಕೆ ಮುರಕಲ್ಲಿನ ಚೂರು ತುಂಬಿಸಿದೆವು. ಬುಷ್ ಈಗ ಎರಡು ಮಳೆಗಾಲ ಬರುತ್ತದೆ. ಜೀಪಿನ ಮುಂದಿನ ಆಕ್ಸಲ್ ಇನ್ನೂ ಕೊಟ್ಟಿಗೆಯ ಹಿಂದೆ ಬಿದ್ದಿದೆ. ಅದಕ್ಕೆ ಹೊಂದುವ ಜೀಪು ಇದ್ದವರು ಬಂದು ಹಲ್ಲು ಎಣಿಸಿ ತೆಗೆದುಕೊಂಡು ಹೋಗಬಹುದು.