ನಾರ್ಡೂ ಹಿಟ್ಟಿನ ಕಥೆ

ಹುಳುವನ್ನು ತಿಂದೆನೆಂದರೆ ಓದುಗರು ಮೂಗು ಮುರಿಯುವುದು ಸಹಜವೇ. ಆದರೂ ಹೇಳಿಬಿಡುತ್ತೇನೆ: ಆಸ್ಟ್ರೇಲಿಯದ ನಡುನಾಡಿನ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ಹೊರಗೆ, ಬಿಸಿಬೂದಿಯಲ್ಲಿ ಹೊರಳಿಸಿ ತೆಗೆದ ವಿಚೆಟಿ ಹುಳುವೊಂದನ್ನು ನಾನು ತಿಂದೆ. ಜಾಲಿಯ ಬಂಧುವಾದ ಪೊದೆಯೊಂದರ ಬೇರನ್ನು ಕೊರೆದು ಅದರೊಳಗೇ ಬೆಳೆಯುವ ಬಿಳಿಯ ಹುಳು ಅದು, ಬೆರಳಿನಷ್ಟು ದಪ್ಪ. ಸುಟ್ಟ ಮೇಲೆ ಹೊರಗೆಲ್ಲ ಗರಿಗರಿ, ಒಳಗೆ ಅರೆಬೆಂದ ಮೊಟ್ಟೆಯಂತೆ ಮೃದು, ರುಚಿ ಬಾದಾಮಿಯದು. ಎರಡನೆಯದನ್ನು ಕೇಳಿ ಪಡೆಯುವ ಧೈರ್ಯ ಮಾತ್ರ ಬರಲಿಲ್ಲ.

ಅಲ್ಲಿನ ರಾಷ್ಟ್ರಲಾಂಛನದಲ್ಲಿ ಗುರಾಣಿಯನ್ನು ಹಿಡಿದು ನಿಂತಿರುವ ಕಾಂಗರೂ, ಎಮು ಎರಡೂ ಅಡಿಗೆಮನೆಯನ್ನೂ ಸೇರುತ್ತವೆ. ಕಾಂಗರೂ ಮಾಂಸದಲ್ಲಿ ಕೊಬ್ಬು ಬಲು ಕಡಿಮೆ. ಒಲೆಯ ಮೇಲೆ ಕ್ಷಣ ಹೆಚ್ಚಾದರೆ ತೊಗಲಾಗುತ್ತದೆ. ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ತಿಂದುಬಂದ ಈ ಮಾಂಸವನ್ನು ಊಟಕ್ಕಾಗಿ ಮಾರಲು ದಕ್ಷಿಣ ಆಸ್ಟ್ರೇಲಿಯ 1980ರಲ್ಲಿ ಒಪ್ಪಿಗೆಯಿತ್ತಿತು. ಉಳಿದ ಹಲವು ಪ್ರಾಂತಗಳು 1993ರವರೆಗೆ ಕಾದವು!

ಕ್ವಾಂಡಾಂಗ್ ಎಂಬ ಕೆಂಪು ಹಣ್ಣು ನನಗೆ ಹೆಚ್ಚು ಹಿಡಿಸಿತು. ನಮ್ಮ ಶ್ರೀಗಂಧದ ಕುಲಕ್ಕೇ ಸೇರಿದ ಮರದ ಹಣ್ಣದು. ಹುಳಿ ಮುಂದು, ಸಿಹಿ ಹಿಂದು. ಹುರಿದ ವಾಟಲ್ ಬೀಜಕ್ಕೆ ಕಾಫಿಯ ಪರಿಮಳ. ಇವೆಲ್ಲ ಇಂದು ದುಬಾರಿ ಪೊಟ್ಟಣಗಳಲ್ಲಿ ಮಾರಾಟವಾಗುತ್ತವೆ. ಆ ವ್ಯಾಪಾರದಲ್ಲಿ ಮೂಲನಿವಾಸಿಗಳಿಗೆ ದೊರೆಯುವ ಪಾಲು ತೀರ ಸಣ್ಣದೆಂಬ ಸಂಗತಿ ಆ ಹಣ್ಣಿಗಿಂತ ಹುಳಿ. ಗಿಡ ಕೈಗೆ ಬಂದರೆ ಅದರ ಅರಿವೂ ಬಂದಂತೆಯೇ? ನಾರ್ಡೂವಿನ ಕಥೆ ಬೇರೆಯದನ್ನೇ ಹೇಳುತ್ತದೆ.

ನಮ್ಮ ಗದ್ದೆಗಳ ನೀರಿನಲ್ಲಿ ನಾಲ್ಕೆಲೆ ಹರಡಿ ತೇಲುವ ಜರಿಗಿಡದ ದಾಯಾದಿ ಈ ನಾರ್ಡೂ. ಅದರ ಕಾಯಿ ಕಲ್ಲಿನಂತೆ ಗಟ್ಟಿ. 1860ರಲ್ಲಿ ಮೆಲ್ಬರ್ನಿನಿಂದ ಹೊರಟು ಖಂಡವನ್ನು ದಾಟಿದ ಬರ್ಕ್ ಮತ್ತು ವಿಲ್ಸ್, ಹಿಂದಿರುಗುವಾಗ ಕೂಪರ್ ಹೊಳೆಯ ದಡದಲ್ಲಿ ಆಹಾರವಿಲ್ಲದೆ ನಿಂತರು. ಅಲ್ಲಿನ ಯಾಂಡ್ರುವಾಂದ ಜನ ಅವರಿಗೆ ಮೀನನ್ನೂ ನಾರ್ಡೂ ರೊಟ್ಟಿಯನ್ನೂ ಕೊಟ್ಟರು. ಬರ್ಕ್ ಒಮ್ಮೆ ಅವರನ್ನು ಬೆದರಿಸಲು ಗುಂಡು ಹಾರಿಸಿದ. ಅವರು ದೂರ ಸರಿದರು. ಆಮೇಲೆ ಬಿಳಿಯರು ತಾವೇ ಕಾಯಿ ಆರಿಸಿ, ಕುಟ್ಟಿ, ಹಿಟ್ಟು ಮಾಡಿ ತಿಂದರು. ಹೊಟ್ಟೆ ತುಂಬುತ್ತಿತ್ತು, ಕಾಲು ಮಾತ್ರ ದಿನದಿಂದ ದಿನಕ್ಕೆ ಸೋಲುತ್ತಿತ್ತು. ವಿಲ್ಸನ ದಿನಚರಿಯಲ್ಲಿ ಈ ವಿಚಿತ್ರ ದಾಖಲಾಗಿದೆ. ನಾರ್ಡೂವಿನಲ್ಲಿರುವ ಕಿಣ್ವವೊಂದು ದೇಹದ ಬಿ-1 ಜೀವಸತ್ವವನ್ನು ನಾಶಮಾಡುತ್ತದೆಂದು ವಿಜ್ಞಾನ ಬಹುಕಾಲದ ಮೇಲೆ ತಿಳಿಸಿತು. ಆ ಜನ ಕಾಯನ್ನು ಹುರಿದು, ನೀರು ಬೆರೆಸಿ ಅರೆಯುತ್ತಿದ್ದ ಕ್ರಮದಲ್ಲಿ ಈ ವಿಷಕ್ಕೆ ಪರಿಹಾರವಿತ್ತೆಂದು ವಿದ್ವಾಂಸರ ಊಹೆ.

1861ರ ನಡುವಿನಲ್ಲಿ ಇಬ್ಬರೂ ಸತ್ತರು. ಉಳಿದ ಜಾನ್ ಕಿಂಗ್ ಎಂಬವನು ಯಾಂಡ್ರುವಾಂದರ ಬಳಿಗೆ ಹೋದ. ಅವರು ಅವನಿಗೆ ಮಲಗಲು ನೆರಳು ಕೊಟ್ಟರು, ಉಣಲು ಕೊಟ್ಟರು. ಸೆಪ್ಟೆಂಬರಿನಲ್ಲಿ ಹೋವಿಟ್ಟನ ತಂಡ ಹುಡುಕಿಕೊಂಡು ಬಂದಾಗ ಕಿಂಗ್ ಸೊರಗಿದ್ದ, ಆದರೆ ಜೀವಂತವಾಗಿದ್ದ. ಅವನನ್ನು ಅಷ್ಟು ದಿನ ಉಳಿಸಿದ್ದ ಊಟ ಮೀನು, ಮತ್ತು ಅದೇ ನಾರ್ಡೂ.